ಆಲ್ಝೈಮರ್: ಉಳಿದ ನೆನಪಿಗೆ ಕೆಲಸ ಕೊಡುವ ಬಗೆ

ಆಲ್ಝೈಮರ್ ಕಾಯಿಲೆ ಬಂದವರ ನೆನಪೆಲ್ಲ ಒಂದೇ ಸಲಕ್ಕೆ ಅಳಿಸಿಹೋಗುವುದಿಲ್ಲ. ಹೊಸ ಸಂಗತಿಗಳನ್ನು ಹಿಡಿದಿಡುವ ಹಿಪೊಕ್ಯಾಂಪಸ್, ಮಿದುಳಿನಲ್ಲಿ ಮೊದಮೊದಲೇ ಪೆಟ್ಟು ತಿನ್ನುವ ಭಾಗಗಳಲ್ಲೊಂದು. ಹಾಗಾಗಿ ಬೆಳಿಗ್ಗೆ ತಿಂದ ತಿಂಡಿ ಮಧ್ಯಾಹ್ನಕ್ಕೆ ಮರೆತಿರುತ್ತದೆ. ಅದೇ ವ್ಯಕ್ತಿ ಹೂ ಕಟ್ಟಲು ಕೂತರೆ ಬೆರಳು ತಡವರಿಸದೆ ಇರಬಹುದು; ಚಿಕ್ಕಂದಿನಲ್ಲಿ ಕಲಿತ ದೇವರನಾಮದ ಮುಂದಿನ ಸಾಲು ತಾನಾಗಿ ಬಾಯಿಗೆ ಬರಬಹುದು. ರೂಢಿಯಿಂದ ಬಂದ ಕೌಶಲಗಳಿಗೆ ಮಿದುಳಿನ ಬೇರೆ ಭಾಗಗಳ ಆಸರೆ ಇರುತ್ತದೆ, ಅವು ಹೆಚ್ಚು ಕಾಲ ಉಳಿಯುತ್ತವೆ. ಔಷಧವಿಲ್ಲದ ತರಬೇತಿಗಳು ನೆಚ್ಚಿಕೊಂಡಿರುವುದು ಹೀಗೆ ಉಳಿದದ್ದನ್ನೇ. ಸತ್ತ ನರಕೋಶವನ್ನು ಅವು ಬದುಕಿಸಲಾರವು.

ಈ ತರಬೇತಿಗಳೆಲ್ಲ ಒಂದೇ ತೂಕದವಲ್ಲ. ಪದಪಟ್ಟಿಯ ಕಂಠಪಾಠ, ಕಂಪ್ಯೂಟರ್ ಆಟದಂಥ ಕಸರತ್ತಿನಿಂದ ಆ ಆಟದ ಅಂಕ ಏರಬಹುದು, ದಿನನಿತ್ಯದ ಬದುಕಿಗೆ ಅದರ ಫಲ ದಾಟಿ ಬರುವುದು ಕಡಿಮೆ. ಬ್ರಿಟನ್ನಿನಲ್ಲಿ ಚಿಕಿತ್ಸಾ ಮಾರ್ಗಸೂಚಿ ರೂಪಿಸುವ ‘ನೈಸ್’ ಸಂಸ್ಥೆ, ಆಲ್ಝೈಮರ್‌ನ ಆರಂಭ ಮತ್ತು ಮಧ್ಯಮ ಹಂತದವರಿಗೆ ಇಂಥ ಕಸರತ್ತು ಬೇಡವೆಂದೇ 2018ರಲ್ಲಿ ಹೇಳಿತು. ದುಬಾರಿ ಆ್ಯಪ್‌ಗಳಿಗೆ ಚಂದಾ ಕಟ್ಟುವ ಮುನ್ನ ಮನೆಯವರಿಗೆ ಇದು ತಿಳಿದಿರಬೇಕು. ಅದೇ ಸಂಸ್ಥೆ ಶಿಫಾರಸು ಮಾಡಿದ್ದು, ಗುಂಪಿನಲ್ಲಿ ನಡೆಸುವ ಅರಿವಿನ ಉತ್ತೇಜನ ಚಿಕಿತ್ಸೆಯನ್ನು.

ಏಮಿ ಸ್ಪೆಕ್ಟರ್ ಮತ್ತು ಸಂಗಡಿಗರು 201 ಮಂದಿಯ ಮೇಲೆ ಈ ಚಿಕಿತ್ಸೆಯನ್ನು ಪರೀಕ್ಷಿಸಿ 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ವಾರಕ್ಕೆ 2ರಂತೆ 7 ವಾರ, ತಲಾ 45 ನಿಮಿಷದ 14 ಕೂಟಗಳು. ಊಟ, ಬಾಲ್ಯ, ಹಣದ ವ್ಯವಹಾರ, ಪರಿಚಿತ ಸದ್ದುಗಳು ಹೀಗೆ ಒಂದೊಂದಕ್ಕೆ ಒಂದು ವಿಷಯ. ಪಾಲ್ಗೊಂಡವರ ಗ್ರಹಣಶಕ್ತಿ, ಬದುಕಿನ ನೆಮ್ಮದಿ ಎರಡೂ ಸುಧಾರಿಸಿದವು. ಗ್ರಹಣಶಕ್ತಿಯ ಮಟ್ಟಿಗೆ ಆ ಲಾಭ ಆಗ ಬಳಕೆಯಲ್ಲಿದ್ದ ಮಾತ್ರೆಗಳ ಲಾಭಕ್ಕೆ ಹೆಚ್ಚುಕಡಿಮೆ ಸಮನಾಗಿತ್ತು. ಭಾರತದಲ್ಲಿ ಚೆನ್ನೈನ ಸ್ಕಾರ್ಫ್ ಸಂಸ್ಥೆ ಇದನ್ನು ಇಲ್ಲಿನ ಬದುಕಿಗೆ ಒಗ್ಗಿಸಿ ಪ್ರಯೋಗಿಸಿದೆ.

ಈ ಕೂಟಗಳ ಜೀವಾಳ ಒಂದು ಸರಳ ನಿಯಮದಲ್ಲಿದೆ: ಮಾಹಿತಿ ಕೇಳಬಾರದು, ಅಭಿಪ್ರಾಯ ಕೇಳಬೇಕು. ರಾಜ್‌ಕುಮಾರ್ ಅವರ ಎರಡು ಚಿತ್ರಗಳನ್ನು ಮುಂದಿಟ್ಟು ‘ಇದು ಯಾವ ಸಿನಿಮಾ?’ ಎಂದರೆ ಎದುರಿನವರು ಸೋಲುತ್ತಾರೆ. ‘ಯಾವ ವೇಷ ಚೆನ್ನಾಗಿ ಒಪ್ಪಿದೆ?’ ಎಂದರೆ ತಪ್ಪು ಉತ್ತರವೇ ಇಲ್ಲ, ಮಾತು ಮಾತ್ರ ಹುಟ್ಟುತ್ತದೆ. ನಮ್ಮ ಮನೆಗಳಲ್ಲಿ ನಡೆಯುವುದು ಇದರ ತದ್ವಿರುದ್ಧ. ಬಂದ ನೆಂಟರೆಲ್ಲ ‘ನಾನ್ಯಾರು ಹೇಳಿ ನೋಡೋಣ?’ ಎಂದು ಹಿರಿಯರನ್ನು ಪರೀಕ್ಷೆಗೆ ಕೂರಿಸುತ್ತಾರೆ. ಪ್ರೀತಿಯಿಂದಲೇ ಕೇಳಿದರೂ ಅದು ಹಿಂಸೆ. ‘ಅಜ್ಜಿ, ನಾನು ನಿಮ್ಮ ದೊಡ್ಡ ಮಗಳ ಮಗ, ಶಿವಮೊಗ್ಗದಿಂದ ಬಂದೆ’ ಎಂದು ತಾವೇ ಹೇಳಿಕೊಂಡರೆ ಆ ಅವಮಾನ ತಪ್ಪುತ್ತದೆ.

ನಿರ್ದಿಷ್ಟ ಅಗತ್ಯಕ್ಕೆ ಇನ್ನೊಂದು ವಿಧಾನವಿದೆ: ಅಂತರ ಹೆಚ್ಚಿಸುತ್ತ ನೆನಪಿಸುವುದು. ಅಮೆರಿಕದ ಮನೋವಿಜ್ಞಾನಿ ಕ್ಯಾಮರಾನ್ ಕ್ಯಾಂಪ್ ಇದನ್ನು ಮರೆವಿನ ಕಾಯಿಲೆಯವರಿಗೆ ಅಳವಡಿಸಿದರು. ಏಳುವಾಗ ಊರುಗೋಲು ಮರೆತು ಬೀಳುವ ಅಜ್ಜನಿಗೆ ‘ಏಳುವ ಮೊದಲು ಏನು ಮಾಡಬೇಕು?’ ಎಂದು ಕೇಳಿ, ‘ಕೋಲು ಹಿಡಿಯಬೇಕು’ ಎಂಬ ಉತ್ತರವನ್ನು ಹೇಳಿಸಿ, ಕೋಲನ್ನೂ ಹಿಡಿಸಬೇಕು. 30 ಸೆಕೆಂಡು ಬಿಟ್ಟು ಅದೇ ಪ್ರಶ್ನೆ. ಆಮೇಲೆ 1 ನಿಮಿಷ, 2, 4, 8. ನಡುವೆ ಲೋಕಾಭಿರಾಮ ಮಾತಾಡುತ್ತಿರಬಹುದು. ತಪ್ಪಿದರೆ ತಡಕಾಡಲು ಬಿಡದೆ ಸರಿಯುತ್ತರವನ್ನು ಕೂಡಲೇ ಹೇಳಿಕೊಟ್ಟು, ಹಿಂದೆ ಗೆದ್ದ ಅಂತರಕ್ಕೆ ಮರಳಬೇಕು. ಹೀಗೆ ಕೂತ ಪಾಠ, ಕಲಿತದ್ದೇ ಮರೆತುಹೋದರೂ ಕೈಯಲ್ಲಿ ಉಳಿಯಬಲ್ಲದು.

ನಿಲ್ಲಿಸಿದರೆ ಈ ಲಾಭಗಳು ಕರಗುತ್ತವೆ; ಕಾಯಿಲೆ ಬಲಿತ ಹಂತದಲ್ಲಿ ಫಲ ಇನ್ನೂ ಕಡಿಮೆ. ಕಿವಿ, ಕಣ್ಣಿನ ತೊಂದರೆಯನ್ನು ಮೊದಲು ಸರಿಪಡಿಸದಿದ್ದರೆ ಯಾವ ತರಬೇತಿಯೂ ತಲುಪದು. ಮನೆಯವರೇ ಒಬ್ಬೊಬ್ಬರಿಗೆ ಉತ್ತೇಜನ ನೀಡುವ ಬಗೆಯನ್ನು ಬ್ರಿಟನ್ನಿನಲ್ಲಿ 356 ಜೋಡಿಗಳೊಂದಿಗೆ ಪರೀಕ್ಷಿಸಿದಾಗ ಗ್ರಹಣಶಕ್ತಿಯಲ್ಲಿ ಸುಧಾರಣೆ ಕಾಣಲಿಲ್ಲ. ಆದರೆ ನೋಡಿಕೊಳ್ಳುವವರೊಂದಿಗಿನ ಸಂಬಂಧ ಉತ್ತಮಗೊಂಡಿದೆ ಎಂದು ಕಾಯಿಲೆಯವರೇ ಹೇಳಿದರು.