ಕ್ಯಾಪ್ ಕೂರುವ ಅಂಚು

ರೂಟ್ ಕೆನಾಲ್ ಮುಗಿಸಿ ಕ್ಯಾಪ್ ಹಾಕಿಸಲು ಹೋದವರಿಗೆ, ಅಚ್ಚಿನ ಅಂಟು ತುಂಬಿದ ಟ್ರೇಯನ್ನು ಕಚ್ಚಿ ಹಿಡಿಯುವ ಕಷ್ಟ ಈಗ ಎಷ್ಟೋ ಕಡೆ ತಪ್ಪಿದೆ. ಪುಟ್ಟ ಕ್ಯಾಮೆರಾ ಬಾಯೊಳಗೆ ಓಡಾಡಿದಂತೆ ಪರದೆಯ ಮೇಲೆ ಹಲ್ಲು ಮೂಡುತ್ತದೆ. ಆ ಚಿತ್ರ ನೋಡಿ ಯಂತ್ರ ಕೊರೆದ ಕ್ಯಾಪ್ ನಿಜಕ್ಕೂ ಸರಿಯಾಗಿ ಕೂರುತ್ತದೆಯೇ ಎಂಬುದೇ ದುಡ್ಡು ಕೊಡುವವರ ಪ್ರಶ್ನೆ.

ಬೆಳಕಿನಿಂದ ಹಲ್ಲಿನ ಅಚ್ಚು ತೆಗೆಯಬಹುದೆಂದು ಫ್ರಾನ್ಸಿನ ಫ್ರಾನ್ಸ್ವಾ ಡ್ಯುರೆ 1973ರಲ್ಲೇ ತಮ್ಮ ಪ್ರಬಂಧದಲ್ಲಿ ಬರೆದಿದ್ದರು. ಅದನ್ನು ರೋಗಿಯ ಕುರ್ಚಿಯ ಪಕ್ಕಕ್ಕೇ ತಂದವರು ಜ್ಯೂರಿಚ್‌ನ ದಂತವೈದ್ಯ ವರ್ನರ್ ಮೋರ್ಮನ್ ಮತ್ತು ಎಂಜಿನಿಯರ್ ಮಾರ್ಕೊ ಬ್ರಾಂಡೆಸ್ಟೀನಿ. 1985ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಸ್ಕ್ಯಾನ್ ಮಾಡಿ, ಪಿಂಗಾಣಿಯ ತುಂಡನ್ನು ಕೊರೆದು, ಅದೇ ಭೇಟಿಯಲ್ಲಿ ರೋಗಿಯ ಹಲ್ಲಿಗೆ ಕೂರಿಸಿದರು. ಅದು ಪೂರ್ತಿ ಕ್ಯಾಪ್ ಅಲ್ಲ, ಹಲ್ಲಿನ ಕುಳಿ ತುಂಬುವ ಇನ್‌ಲೇ. ಆದರೂ ಎಂಥ ಧೈರ್ಯದ ಕೆಲಸ!

ಎಲ್ಲ ಲೆಕ್ಕಾಚಾರ ನಿಂತಿರುವುದು ಅಂಚಿನ ಮೇಲೆ. ಕ್ಯಾಪಿಗೂ ಹಲ್ಲಿಗೂ ನಡುವೆ ಸಂದು ದೊಡ್ಡದಾದರೆ ಸಿಮೆಂಟು ಸವೆದು, ಬ್ಯಾಕ್ಟೀರಿಯಾ ನುಗ್ಗಿ, ಒಳಗೆ ಮತ್ತೆ ಹುಳುಕು ಹಿಡಿಯುತ್ತದೆ. ಸಂದು 120 ಮೈಕ್ರಾನ್, ಅಂದರೆ 0.12 ಮಿ.ಮೀ. ಮೀರಬಾರದೆಂದು ಮೆಕ್‌ಲೀನ್ ಮತ್ತು ವಾನ್ ಫ್ರಾನ್‌ಹೋಫರ್ 1971ರಲ್ಲಿ ಸೂಚಿಸಿದ ಮಿತಿಯನ್ನೇ ಇಂದಿಗೂ ಅಳತೆಗೋಲಾಗಿ ಬಳಸುತ್ತಾರೆ. ಒಂದೇ ಹಲ್ಲಿನ ಮಟ್ಟಿಗೆ ಒಳ್ಳೆಯ ಸ್ಕ್ಯಾನರ್ ಇದರೊಳಗೇ ಉಳಿಯಬಲ್ಲದು.

ಜಿರ್ಕೋನಿಯಾ ಎಂಬ ಗಟ್ಟಿ ಪಿಂಗಾಣಿಯ ಕ್ಯಾಪಿನ ಕಥೆ ಇನ್ನೂ ಸೊಗಸು. ಕೊರೆಯುವಾಗ ಅದು ಸೀಮೆಸುಣ್ಣದಷ್ಟು ಮೆತ್ತಗೆ. ಸುಮಾರು 1500 ಡಿಗ್ರಿ ಸೆಲ್ಸಿಯಸ್‌ನ ಕುಲುಮೆಯಲ್ಲಿ ಬೆಂದಾಗ ಪ್ರತಿ ಅಳತೆಯಲ್ಲೂ ಶೇ. 20ರಷ್ಟು ಕುಗ್ಗಿ ಗಟ್ಟಿಯಾಗುತ್ತದೆ. ಹಾಗಾಗಿ ಕ್ಯಾಪನ್ನು ಮೊದಲು ಬೇಕಂತಲೇ ದೊಡ್ಡದಾಗಿ ಕೊರೆಯುತ್ತಾರೆ. ಎಷ್ಟು ದೊಡ್ಡದು? ಕುಗ್ಗುವ ಪ್ರಮಾಣವನ್ನು ತಯಾರಕರು ಪ್ರತಿ ಬ್ಯಾಚಿಗೂ ಅಳೆದು ಜಿರ್ಕೋನಿಯಾ ಬಿಲ್ಲೆಯ ಮೇಲೆ ನಮೂದಿಸುತ್ತಾರೆ. ಸಾಫ್ಟ್‌ವೇರ್ ಅದರಂತೆ ಹಿಗ್ಗಿಸುತ್ತದೆ. ಆ ಸಂಖ್ಯೆ ತಪ್ಪಿದರೆ ಎಷ್ಟೇ ಚೆಂದದ ಸ್ಕ್ಯಾನ್ ಇದ್ದರೂ ಕ್ಯಾಪ್ ಕೂರದು.

ಜಾಹೀರಾತುಗಳು ಹೇಳದ ಮಾತೂ ಇದೆ. ಕ್ಯಾಮೆರಾಕ್ಕೆ ಕಾಣುವುದು ಬೆಳಕು ತಲುಪಿದಷ್ಟೇ. ಅಂಚು ಒಸಡಿನಡಿ ಅಡಗಿದ್ದರೆ, ರಕ್ತ ಜಿನುಗುತ್ತಿದ್ದರೆ, ಜೊಲ್ಲು ನಿಂತಿದ್ದರೆ ಯಂತ್ರ ಊಹಿಸಬೇಕಾಗುತ್ತದೆ. ಒಸಡನ್ನು ಸರಿಸಲು ದಾರ ಸಿಕ್ಕಿಸುವ ಹಳೆಯ ಕೆಲಸ ಇಂದಿಗೂ ತಪ್ಪಿಲ್ಲ. ಹಲ್ಲಿನ ಮೂಲೆ ಚೂಪಾಗಿದ್ದರೂ ತೊಂದರೆ: ಅಷ್ಟು ಸಣ್ಣ ಸಂದಿಗೆ ಯಂತ್ರದ ಕೊರೆಯುವ ಮೊನೆ (ಬರ್) ಇಳಿಯದು, ಯಂತ್ರ ಸುತ್ತಲೂ ಹೆಚ್ಚು ಕೊರೆಯುತ್ತದೆ, ಕ್ಯಾಪ್ ಒಳಗೆ ಸಡಿಲವಾಗುತ್ತದೆ. ಮೂಲೆಗಳನ್ನು ನಯವಾಗಿ ದುಂಡಗೆ ಮಾಡಬೇಕಾದದ್ದು ವೈದ್ಯರ ಕೈ.

ಸ್ಕ್ಯಾನಿನ ನಿಜವಾದ ಲಾಭ ಬೇರೆಡೆ ಇದೆ. ಅಚ್ಚಿನ ದೋಷ ಎಷ್ಟೋ ಸಲ ಕ್ಯಾಪ್ ಲ್ಯಾಬಿನಿಂದ ಬಂದ ಮೇಲೆಯೇ ಗೊತ್ತಾಗುತ್ತಿತ್ತು. ಈಗ ಪರದೆಯ ಮೇಲೆ ಅಂಚನ್ನು ಹಿಗ್ಗಿಸಿ ನೋಡಿ, ಮಸುಕಾದ ಭಾಗವನ್ನಷ್ಟೇ ರೋಗಿ ಕುರ್ಚಿಯಲ್ಲಿರುವಾಗಲೇ ಮತ್ತೆ ಸ್ಕ್ಯಾನ್ ಮಾಡಬಹುದು. ಕ್ಯಾಪ್ ಹಾಕಿಸಿಕೊಳ್ಳುವವರು ಆ ಚಿತ್ರವನ್ನು ತಮಗೂ ತೋರಿಸುವಂತೆ ಧಾರಾಳವಾಗಿ ಕೇಳಬಹುದು.