ಹಾಳೆಯ ಹಿಂಬದಿಯನ್ನೂ ಓದಿದವರು

'ಲಾರ್ಡ್ ಆಫ್ ದ ರಿಂಗ್ಸ್' ಕಾದಂಬರಿಯ ಲೇಖಕ ಜೆ. ಆರ್. ಆರ್. ಟೋಲ್ಕಿನ್ 1973ರಲ್ಲಿ ತೀರಿಕೊಂಡಾಗ ಅಪಾರ ಹಸ್ತಪ್ರತಿಗಳನ್ನು ಬಿಟ್ಟುಹೋದರು. ಅವನ್ನು ಓದಿ ಅಚ್ಚಿಗೆ ಅಣಿಗೊಳಿಸುವ ಹೊಣೆ ಮಗ ಕ್ರಿಸ್ಟೋಫರ್ ಅವರ ಪಾಲಿಗೆ ಬಂತು. ಅದಕ್ಕಾಗಿ ಅವರು ಆಕ್ಸ್‌ಫರ್ಡಿನ ಅಧ್ಯಾಪಕ ಹುದ್ದೆಯನ್ನೇ ಬಿಟ್ಟರು. 1983ರಿಂದ 1996ರವರೆಗೆ ಹನ್ನೆರಡು ಸಂಪುಟಗಳಲ್ಲಿ ಬಂದ 'ದ ಹಿಸ್ಟರಿ ಆಫ್ ಮಿಡ್ಲ್ ಅರ್ತ್' ಆ ದುಡಿಮೆಯ ಫಲ.

ಗ್ರಂಥಸಂಪಾದನೆ ಎಂದರೆ ಸಾಮಾನ್ಯವಾಗಿ ಲಿಪಿಕಾರರು ನಕಲು ಮಾಡಿದ ಹಲವು ಪ್ರತಿಗಳನ್ನು ಹೋಲಿಸಿ, ಕವಿಯ ಮೂಲಪಾಠ ಯಾವುದೆಂದು ಗೊತ್ತುಮಾಡುವುದು. ಇಲ್ಲಿ ಲಿಪಿಕಾರರಿಲ್ಲ, ಬರಹ ಬಹುಪಾಲು ಲೇಖಕರದೇ. ಯಾವ ಕರಡು ಮೊದಲು, ಯಾವುದು ಆಮೇಲೆ ಎಂಬುದೇ ಮುಖ್ಯ ತೊಡಕು.

ಓದುವುದೇ ಮೊದಲ ಕಷ್ಟ. ಟೋಲ್ಕಿನ್ ಪೆನ್ಸಿಲಿನಲ್ಲಿ ಅವಸರವಾಗಿ ಗೀಚಿ, ಎಷ್ಟೋ ಸಲ ಅದರ ಮೇಲೆಯೇ ಶಾಯಿಯಲ್ಲಿ ಮುಂದಿನ ಕರಡು ಬರೆಯುತ್ತಿದ್ದರು. ಅಡಿಯಲ್ಲಿ ಹೂತ ಬರಹವನ್ನು ಒಂದೊಂದೇ ಪದವಾಗಿ ಬಿಡಿಸಬೇಕು. ಬಿಡಿಸಲಾಗದ ಕಡೆ ಕ್ರಿಸ್ಟೋಫರ್ ಚುಕ್ಕಿಯಿಟ್ಟು ಬಿಟ್ಟರು.

ಕರಡುಗಳ ಹಿಂದುಮುಂದಿಗೆ ಹೆಸರುಗಳು ಸುಳಿವು ಕೊಡುತ್ತವೆ. 'ಲಾರ್ಡ್ ಆಫ್ ದ ರಿಂಗ್ಸ್'ನ ಫ್ರೋಡೊ ಆರಂಭದಲ್ಲಿ ಬಿಂಗೊ ಆಗಿದ್ದ. ಕೊನೆಗೆ ರಾಜನಾಗುವ ಸ್ಟ್ರೈಡರ್, ಮರದ ಪಾದರಕ್ಷೆ ಮೆಟ್ಟಿದ ಟ್ರಾಟರ್ ಎಂಬ ಹಾಬಿಟ್ (ಕುಳ್ಳ ಜನಾಂಗದವ)! ಬಿಂಗೊ ಎಂಬುದನ್ನು ಹೊಡೆದು ಫ್ರೋಡೊ ಎಂದು ತಿದ್ದಿದ್ದರೆ ಹಾಳೆ ಹಳೆಯದು, ತಿದ್ದುಪಡಿ ಈಚಿನದು. ಇನ್ನೊಂದು ತೊಡಕೂ ಇತ್ತು. ಈ ಕೃತಿಯ ಹಸ್ತಪ್ರತಿಗಳು 1957ರಲ್ಲಿ ಅಮೆರಿಕದ ಮಾರ್ಕೆಟ್ ವಿಶ್ವವಿದ್ಯಾಲಯಕ್ಕೆ ಮಾರಾಟವಾಗಿದ್ದವು, ಕೆಲವು ಹಾಳೆ ಮಾತ್ರ ಮನೆಯಲ್ಲೇ ಉಳಿದಿದ್ದವು. ಒಂದೇ ಕರಡಿನ ಪುಟಗಳನ್ನು ಎರಡು ಖಂಡಗಳಿಂದ ಕೂಡಿಸಬೇಕಾಯಿತು.

ನನಗೆ ಎಲ್ಲಕ್ಕಿಂತ ಸೊಗಸೆನಿಸುವುದು ಹಾಳೆಯ ಹಿಂಬದಿಯ ಸಾಕ್ಷ್ಯ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಾಗದಕ್ಕೆ ಬರ. ಟೋಲ್ಕಿನ್ ಪರೀಕ್ಷೆಯ ಉತ್ತರಪತ್ರಿಕೆಗಳ ಖಾಲಿ ಬದಿಯಲ್ಲೂ ಬರೆದರು. 'ಲಾರ್ಡ್ ಆಫ್ ದ ರಿಂಗ್ಸ್'ನ ಬರವಣಿಗೆ, ಮೋರಿಯಾ ಎಂಬ ಗಣಿಯಲ್ಲಿ ಬಾಲಿನ್ ಎಂಬ ಕುಬ್ಜನ ಸಮಾಧಿಯ ಬಳಿ ಕಥೆ ಬಂದಾಗ, ಬಹುಕಾಲ ನಿಂತಿತ್ತು. ಹಾಗೆ ನಿಂತದ್ದು 1940ರ ಕೊನೆಯಲ್ಲಿ ಎಂದು ಅರ್ಥವಾಗುವಂತೆ ಅವರೇ ಕೃತಿಯ ಮುನ್ನುಡಿಯಲ್ಲಿ ಹೇಳಿದ್ದಾರೆ. ಆದರೆ ಕಥೆ ಮತ್ತೆ ಹೊರಟಾಗಿನ ಕರಡುಗಳು 1940ರ ಆಗಸ್ಟ್ ತಾರೀಖಿನ ಉತ್ತರಪತ್ರಿಕೆಗಳ ಮೇಲಿವೆ. ಇದೊಂದೇ ಸಾಲದು, ತಾರೀಖಾದ ಎಷ್ಟೋ ಕಾಲದ ಮೇಲೂ ಕಾಗದ ಬಳಕೆಯಾಗಿರಬಹುದು. ಅದೇ ಆಗಸ್ಟಿನಲ್ಲಿ ಬರೆದ ಹೊಸ ಕಥಾಹಂದರವೂ ಸಿಕ್ಕಿತು. ಎರಡನ್ನೂ ತೂಗಿ ನೋಡಿ, ಕಥೆ ನಿಂತದ್ದು 1939ರ ಕೊನೆಯಲ್ಲೇ ಇರಬೇಕೆಂದು ಮಗ ತಂದೆಯ ನೆನಪನ್ನು ತಿದ್ದಿದರು.