ಕೆಮ್ಮುತ್ತ ಬಂದವರಿಗೆ ಕೊಟ್ಟದ್ದೇನು?

1957ರ ಸೆಪ್ಟೆಂಬರ್ 21 ಮತ್ತು 22ರಂದು ಇಲವಾಲದಲ್ಲಿ ಗ್ರಾಮದಾನ ಸಮ್ಮೇಳನ ನಡೆಯಿತು. ರಾಷ್ಟ್ರಪತಿ ರಾಜೇಂದ್ರ ಪ್ರಸಾದ್, ಪ್ರಧಾನಿ ನೆಹರೂ, ವಿನೋಬಾ ಭಾವೆ, ಕೇರಳದ ಕಮ್ಯುನಿಸ್ಟ್ ಮುಖ್ಯಮಂತ್ರಿ ಇ.ಎಂ.ಎಸ್. ನಂಬೂದಿರಿಪಾಡ್, ಹೀಗೆ ಒಂದೇ ಕಡೆ ಕೂರುವುದೇ ಕಷ್ಟ ಎನ್ನುವಂಥವರೆಲ್ಲ ಮೈಸೂರಿನ ಮಗ್ಗುಲಿನ ಈ ಊರಿಗೆ ಬಂದು ಹಳ್ಳಿಯ ಭೂಮಿಯ ಬಗ್ಗೆ ಮಾತಾಡಿದರು. ಗ್ರಾಮದಾನ ಚಳವಳಿಯೂ ಸರ್ಕಾರದ ಸಮುದಾಯ ಅಭಿವೃದ್ಧಿ ಯೋಜನೆಯೂ ಕೈಜೋಡಿಸಬೇಕು ಎಂಬ ಮಾತು ಅಲ್ಲಿಂದ ಹೊರಟಿತು. ನಮ್ಮ ಹಳ್ಳಿಗಳಿಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಬಂದದ್ದೂ ಅದೇ ಸಮುದಾಯ ಅಭಿವೃದ್ಧಿ ಬ್ಲಾಕುಗಳ ಜೊತೆಯಲ್ಲೇ.

ಆ ಹೊತ್ತಿಗೆ ಮದರಾಸಿನ ಚೇಟ್‌ಪೇಟೆಯಲ್ಲಿ ಬಡವರ ಬದುಕಿಗೆ ಸಂಬಂಧಿಸಿದ ಇನ್ನೊಂದು ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದರು. ಕ್ಷಯ ಬಂದವರಿಗೆ ಆಸ್ಪತ್ರೆಯ ಹಾಸಿಗೆ ಬೇಕೇ ಬೇಕೇ, ಅಥವಾ ಮಾತ್ರೆ ಕೊಟ್ಟು ಮನೆಯಲ್ಲೇ ಇರಿಸಬಹುದೇ? ಇದರ ಬಗ್ಗೆ ಆಗ ವೈದ್ಯರಲ್ಲೇ ಎರಡು ಬಣಗಳಿದ್ದವು. ಸೋಂಕಿರುವವರನ್ನು ಹೆಂಡತಿ ಮಕ್ಕಳ ನಡುವೆ ಬಿಡುವುದು ಅಪರಾಧ ಎಂದು ಒಂದು ಬಣ. ಹಾಸಿಗೆ ಖಾಲಿಯಾಗುವವರೆಗೆ ಕಾಯಿಸಿ ಸಾಯಿಸುವುದು ಅದಕ್ಕಿಂತ ದೊಡ್ಡ ಅಪರಾಧ ಎಂದು ಇನ್ನೊಂದು.

ಹಾಸಿಗೆಯ ಬೆಲೆ ಏನೆಂದು ಮೈಸೂರಿನವರಿಗೆ ಗೊತ್ತು. ಕೆ.ಆರ್.ಎಸ್. ರಸ್ತೆಯ ಪಿ.ಕೆ. ಸ್ಯಾನಿಟೋರಿಯಂ ಹುಟ್ಟಿದ್ದೇ ಒಂದು ಸಂಕಟದಿಂದ. ನಾಲ್ವಡಿ ಕೃಷ್ಣರಾಜ ಒಡೆಯರ ತಂಗಿ ಕೃಷ್ಣಾಜಮ್ಮಣ್ಣಿಯವರೂ ಅವರ ಮೂವರು ಹೆಣ್ಣುಮಕ್ಕಳೂ ಕ್ಷಯಕ್ಕೆ ಬಲಿಯಾದರು. ಅವರ ನೆನಪಿಗೆ ನಾಲ್ವಡಿಯವರು ಊರಾಚೆಯ ವಿಶಾಲವಾದ ಜಾಗದಲ್ಲಿ ಕಟ್ಟಿಸಿದ ಆಸ್ಪತ್ರೆ 1921ರಲ್ಲಿ ಬಾಗಿಲು ತೆರೆಯಿತು. ಗಾಳಿ, ಬೆಳಕು, ವಿಶ್ರಾಂತಿ, ಒಳ್ಳೆಯ ಊಟ: ಆಗ ಪ್ರಪಂಚದಲ್ಲೆಲ್ಲ ಇದ್ದ ಚಿಕಿತ್ಸೆ ಇಷ್ಟೇ. ಕ್ಷಯದ ಬ್ಯಾಕ್ಟೀರಿಯಾವನ್ನು ರಾಬರ್ಟ್ ಕಾಕ್ 1882ರಲ್ಲೇ ಕಂಡುಹಿಡಿದಿದ್ದರೂ ಅದನ್ನು ಕೊಲ್ಲುವ ಮೊದಲ ಔಷಧ ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದು 1943ರಲ್ಲಿ. ಅಗ್ಗದ ಐಸೋನಿಯಾಜಿಡ್ ಮಾತ್ರೆ ಬಂದದ್ದು 1952ರಲ್ಲಿ. ಅಲ್ಲಿಯವರೆಗೆ ಸ್ಯಾನಿಟೋರಿಯಂ ಬಿಟ್ಟರೆ ಗತಿ ಇರಲಿಲ್ಲ. ದೇಶದಲ್ಲಿ ಹಾಸಿಗೆಗಳಿದ್ದದ್ದು ಸಾವಿರದ ಲೆಕ್ಕದಲ್ಲಿ, ರೋಗಿಗಳಿದ್ದದ್ದು ಲಕ್ಷದ ಲೆಕ್ಕದಲ್ಲಿ.

ಚೇಟ್‌ಪೇಟೆಯ ಪ್ರಯೋಗವನ್ನು ನಡೆಸಿದ್ದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಸೇರಿ. ಮುಂದಾಳು ವಾಲೇಸ್ ಫಾಕ್ಸ್ ಎಂಬ ಬ್ರಿಟಿಷ್ ವೈದ್ಯ. 193 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಅರ್ಧದಷ್ಟು ಜನರನ್ನು ಸ್ಯಾನಿಟೋರಿಯಂಗೆ ಸೇರಿಸಿದರು, ಉಳಿದವರನ್ನು ಅವರವರ ಇಕ್ಕಟ್ಟಿನ ಮನೆಗಳಲ್ಲೇ ಬಿಟ್ಟರು. ಎರಡೂ ಗುಂಪಿಗೆ ಒಂದೇ ಔಷಧ, ಒಂದೇ ವರ್ಷ. ಸ್ಯಾನಿಟೋರಿಯಂನವರು ಚೆನ್ನಾಗಿ ಉಂಡು, ಮಲಗಿ, ಮೈ ತುಂಬಿಕೊಂಡರು. ಮನೆಯಲ್ಲಿದ್ದವರು ಸಿಕ್ಕಿದ್ದನ್ನು ಉಂಡರು, ಅನೇಕರು ದುಡಿಮೆಯನ್ನೂ ಬಿಡಲಿಲ್ಲ. 1959ರಲ್ಲಿ ಫಲಿತಾಂಶ ಬಂತು. ಗುಣವಾದವರ ಪ್ರಮಾಣ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಅದಕ್ಕಿಂತಲೂ ಅಚ್ಚರಿಯ ಸಂಗತಿ ಎಂದರೆ, ರೋಗಿ ಮನೆಯಲ್ಲೇ ಇದ್ದ ಕುಟುಂಬಗಳಲ್ಲಿ ಉಳಿದವರಿಗೆ ಕ್ಷಯ ತಗಲಿದ್ದು ಹೆಚ್ಚೇನಲ್ಲ.

ಕಾರಣ ಸರಳ. ಔಷಧ ಶುರುವಾದ ಮೇಲೆ ರೋಗಿಯ ಕೆಮ್ಮಿನಿಂದ ಹರಡುವ ಸೋಂಕು ಬೇಗ ಇಳಿಯುತ್ತದೆ. ಮನೆಯವರಿಗೆ ತಗಲುವುದೆಲ್ಲ ಬಹುಪಾಲು ಅದಕ್ಕೂ ಮೊದಲು, ಕೆಮ್ಮು ಯಾವುದರದ್ದೆಂದು ಯಾರೂ ಕೇಳದೆ ಕಳೆದ ವಾರಗಳಲ್ಲಿ, ತಿಂಗಳುಗಳಲ್ಲಿ. ಹಾಸಿಗೆಯ ಜಗಳದಲ್ಲಿ ಮುಳುಗಿದ್ದವರು ಗಮನಿಸದೆ ಬಿಟ್ಟದ್ದು ಇದನ್ನೇ. ರೋಗ ಹರಡುವುದು ಚಿಕಿತ್ಸೆಗೆ ಮುಂಚಿನ ಆ ಕಾಲದಲ್ಲಿ. ಹಾಗಾದರೆ ಆಗ ರೋಗಿ ಎಲ್ಲಿರುತ್ತಾನೆ?

ಉತ್ತರ ಸಿಕ್ಕಿದ್ದು ನಮ್ಮ ತುಮಕೂರು ಜಿಲ್ಲೆಯಲ್ಲಿ. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು. ಮೈಸೂರು ರಾಜಮನೆತನಕ್ಕೆ ಸೇರಿದ್ದ ಬಳ್ಳಾರಿ ರಸ್ತೆಯ ‘ಅವಲಾನ್’ ಬಂಗಲೆಯೇ ಅದರ ನೆಲೆ. 1960ರಲ್ಲಿ ನೆಹರೂ ಬಂದು ಉದ್ಘಾಟಿಸಿದರು. ಅಲ್ಲಿದ್ದ ದೇಬಬರ್ ಬ್ಯಾನರ್ಜಿ ವೈದ್ಯರಾಗಿದ್ದರೂ ಸಮಾಜಶಾಸ್ತ್ರದ ಕಣ್ಣಿದ್ದವರು. ಅವರೂ ಸ್ಟಿಗ್ ಆಂಡರ್ಸನ್ ಎಂಬ ಸಹೋದ್ಯೋಗಿಯೂ ತುಮಕೂರಿನ ಹಳ್ಳಿಗಳಲ್ಲಿ ಎಕ್ಸ್‌ರೇ ಮತ್ತು ಕಫ ಪರೀಕ್ಷೆಯಿಂದ ಪತ್ತೆಯಾದ ಕ್ಷಯ ರೋಗಿಗಳ ಮನೆಗೆ ಸಮಾಜ ಸಂಶೋಧಕರನ್ನು ಕಳಿಸಿ, ಮೈಗೆ ಏನಾಗಿದೆ, ಅದಕ್ಕೆ ಏನು ಮಾಡಿದಿರಿ ಎಂದು ವಿಚಾರಿಸಿದರು. ಹಳ್ಳಿಯವರಿಗೆ ಅರಿವಿಲ್ಲ, ಕೆಮ್ಮನ್ನು ಲೆಕ್ಕಿಸುವುದಿಲ್ಲ, ಆದ್ದರಿಂದ ಎಕ್ಸ್‌ರೇ ಗಾಡಿ ತೆಗೆದುಕೊಂಡು ನಾವೇ ಹುಡುಕಿಕೊಂಡು ಹೋಗಬೇಕು ಎಂಬುದು ಆಗಿನ ದೊಡ್ಡ ತಜ್ಞರ ನಂಬಿಕೆ. 1963ರಲ್ಲಿ ಪ್ರಕಟವಾದ ಫಲಿತಾಂಶ ಅದನ್ನು ತಲೆಕೆಳಗು ಮಾಡಿತು. ರೋಗಿಗಳಲ್ಲಿ ಬಹುಪಾಲು ಜನರಿಗೆ ಮೈಯಲ್ಲಿ ಸರಿಯಿಲ್ಲವೆಂದು ಗೊತ್ತಿತ್ತು, ಚಿಂತೆಯೂ ಇತ್ತು. ಅರ್ಧಕ್ಕಿಂತ ತುಸು ಹೆಚ್ಚು ಮಂದಿ ಆಗಲೇ ಆಸ್ಪತ್ರೆಗೆ ಹೋಗಿ ಬಂದಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಒಂದು ಬಾಟಲಿ ಕೆಮ್ಮಿನ ಔಷಧ.

ಕ್ಷಯದ ಬಗ್ಗೆ ನಾನು ಓದಿದ್ದರಲ್ಲಿ ಇಷ್ಟು ಮನಸ್ಸು ಕಲಕಿದ್ದು ಬೇರೊಂದಿಲ್ಲ. ಕೂಲಿ ಬಿಟ್ಟು, ಮೈಲಿಗಟ್ಟಲೆ ನಡೆದು, ಸರತಿಯಲ್ಲಿ ನಿಂತು ಕೆಮ್ಮಿದ ಮನುಷ್ಯನನ್ನು ವಾಪಸು ಕಳಿಸಿ, ಆಮೇಲೆ ಅವನಿಗೆ ತಿಳಿವಳಿಕೆ ಇಲ್ಲ ಎಂದು ವರದಿ ಬರೆಯುತ್ತಿದ್ದ ಕಾಲ ಅದು.

ಮಾಡಬೇಕಾಗಿದ್ದ ಕೆಲಸವಾದರೂ ಎಷ್ಟು? ಗಾಜಿನ ಪಟ್ಟಿಯ ಮೇಲೆ ಕಫವನ್ನು ತೆಳ್ಳಗೆ ಸವರಿ ಒಣಗಿಸಬೇಕು. ಅದರ ಮೇಲೆ ಕೆಂಪು ಫುಕ್ಸಿನ್ ಬಣ್ಣ ಸುರಿದು ಆವಿ ಏಳುವವರೆಗೆ ಕೆಳಗಿನಿಂದ ಬಿಸಿ ಮಾಡಬೇಕು. ಕ್ಷಯದ ಬ್ಯಾಕ್ಟೀರಿಯಾದ ಹೊರಗೋಡೆ ಜೇನುಮೇಣ ಬಳಿದ ಹಾಗೆ ಜಿಡ್ಡು. ಬಿಸಿಗೆ ಮಾತ್ರ ಬಣ್ಣವನ್ನು ಒಳಗೆ ಬಿಡುತ್ತದೆ, ಒಮ್ಮೆ ಬಿಟ್ಟರೆ ಆಮ್ಲದಲ್ಲಿ ತೊಳೆದರೂ ಬಿಡದು. ಉಳಿದ ಜೀವಕೋಶಗಳೂ ಬೇರೆ ಬ್ಯಾಕ್ಟೀರಿಯಾಗಳೂ ತೊಳೆದೊಡನೆ ಬಣ್ಣ ಕಳೆದುಕೊಳ್ಳುತ್ತವೆ. ಕೊನೆಗೆ ನೀಲಿ ಬಣ್ಣ ಹಾಕಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ನೀಲಿ ನೆಲದ ಮೇಲೆ ಚದುರಿದ ಸಣ್ಣ ಕೆಂಪು ಕಡ್ಡಿಗಳು ಕಾಣುತ್ತವೆ. ಒಂದು ಸೂಕ್ಷ್ಮದರ್ಶಕ, ಮೂರು ಬಾಟಲಿ, ತಾಳ್ಮೆಯಿಂದ ನೋಡುವ ಒಬ್ಬ ತಂತ್ರಜ್ಞ ಇದ್ದರೆ ಯಾವ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಇದು ಆಗುವ ಕೆಲಸ. ಇದನ್ನೇ ಬುನಾದಿಯಾಗಿಟ್ಟುಕೊಂಡು ನಮ್ಮ ಗಡಿಯಾಚೆಯ ಅನಂತಪುರದಲ್ಲಿ ಪರೀಕ್ಷಿಸಿ, 1962ರಲ್ಲಿ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ರೂಪಿಸಿದರು. ಕೆಮ್ಮುತ್ತ ಬಂದವರ ಕಫ ನೋಡಿ, ಇದ್ದರೆ ಮಾತ್ರೆ ಕೊಡಿ ಎಂಬುದು ಅದರ ಸಾರ.

ಕಾಗದದಲ್ಲಿ ಚೆನ್ನಾಗಿದ್ದ ಕಾರ್ಯಕ್ರಮ ಹಳ್ಳಿಯಲ್ಲಿ ಸೊರಗಿತು. ಸಾಮಾನ್ಯ ಆರೋಗ್ಯ ಕೇಂದ್ರ ಗಟ್ಟಿಯಿದ್ದಷ್ಟೇ ಕ್ಷಯದ ಕೆಲಸವೂ ಗಟ್ಟಿ. ಆ ಕೇಂದ್ರಗಳ ಸಿಬ್ಬಂದಿಯನ್ನೂ ಹಣವನ್ನೂ ಮೊದಲು ಮಲೇರಿಯಾ ನಿರ್ಮೂಲನೆ, ಆಮೇಲೆ ಕುಟುಂಬ ಯೋಜನೆಯ ಗುರಿಗಳು ಸೆಳೆದುಕೊಂಡವು. ಸಾಮಾನ್ಯ ಆರೋಗ್ಯ ಸೇವೆಯೋ ಆಯ್ದ ರೋಗಗಳ ಕಾರ್ಯಕ್ರಮವೋ ಎಂಬ ಈ ಜಗಳ ಜಗತ್ತಿನ ಮಟ್ಟದಲ್ಲೂ ನಡೆಯಿತು. ಭಾರತದ ಕ್ಷಯ ಕಾರ್ಯಕ್ರಮದಲ್ಲಿ ಹತ್ತು ವರ್ಷ ದುಡಿದ ಡೆನ್ಮಾರ್ಕಿನ ಹಾಫ್ಡಾನ್ ಮಾಹ್ಲರ್ 1973ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥರಾದರು. 1978ರ ಆಲ್ಮಾ ಆಟಾ ಘೋಷಣೆ ಅವರ ಕಾಲದ್ದು: ಊರಿನ ಹತ್ತಿರವೇ ಎಲ್ಲರಿಗೂ ಪ್ರಾಥಮಿಕ ಆರೋಗ್ಯ ಸೇವೆ. ಮರುವರ್ಷವೇ ಜೂಲಿಯಾ ವಾಲ್ಶ್ ಮತ್ತು ಕೆನೆತ್ ವಾರನ್ ಎಂಬ ಅಮೆರಿಕದ ಸಂಶೋಧಕರು, ಅಷ್ಟೆಲ್ಲ ಆಗದ ಮಾತು, ಖರ್ಚಿಗೆ ತಕ್ಕ ಫಲ ಕೊಡುವ ಕೆಲವೇ ರೋಗಗಳನ್ನು ಆಯ್ದುಕೊಳ್ಳಿ ಎಂದು ಪಟ್ಟಿ ಕೊಟ್ಟರು. ಅದರಲ್ಲಿ ಅತಿಸಾರ, ದಡಾರ, ಮಲೇರಿಯಾ ಮೇಲಿದ್ದವು. ಕ್ಷಯ ಮಧ್ಯದ ಸಾಲಿಗೆ ಬಿತ್ತು. ಹಣ ಕೊಡುವವರಿಗೆ ಪಟ್ಟಿ ಹಿಡಿಸಿತು. ಬ್ಯಾನರ್ಜಿ ಅದನ್ನು ಕೊನೆಯವರೆಗೂ ವಿರೋಧಿಸಿದರು. 1993ರಲ್ಲಿ ಅದೇ ವಿಶ್ವ ಆರೋಗ್ಯ ಸಂಸ್ಥೆ ಕ್ಷಯವನ್ನು ಜಾಗತಿಕ ತುರ್ತುಸ್ಥಿತಿ ಎಂದು ಸಾರಬೇಕಾಯಿತು.

ಪಟ್ಟಿ ಮಾಡಿದವರು ಕೆಟ್ಟವರಲ್ಲ. ಹಣ ಕಡಿಮೆಯಿದ್ದಾಗ ಆಯ್ಕೆ ಅನಿವಾರ್ಯ, ದಡಾರ ಲಸಿಕೆಯಿಂದ ಉಳಿದ ಮಕ್ಕಳ ಜೀವ ಸಣ್ಣದಲ್ಲ. ಆದರೆ ಆರೋಗ್ಯ ಕೇಂದ್ರದ ಬಾಗಿಲಿಗೆ ಬರುವವರು ರೋಗದ ಹೆಸರು ಹೇಳಿಕೊಂಡು ಬರುವುದಿಲ್ಲ, ಕೆಮ್ಮು, ಜ್ವರ, ಸುಸ್ತು ಎಂದು ಬರುತ್ತಾರೆ. ಹತ್ತು ರೋಗದ ಹತ್ತು ಕಾರ್ಯಕ್ರಮ ಇದ್ದು, ಬಂದವರ ಕೆಮ್ಮನ್ನು ಕೇಳಿಸಿಕೊಳ್ಳುವವರು ಇಲ್ಲದಿದ್ದರೆ ತುಮಕೂರಿನ ಕಥೆ ಮತ್ತೆ ನಡೆಯುತ್ತದೆ. ಕೋವಿಡ್ ಕಾಲದಲ್ಲಿ ನಡೆಯಿತು ಕೂಡ. 2019ರಲ್ಲಿ ದೇಶದಲ್ಲಿ ಸುಮಾರು 24 ಲಕ್ಷ ಕ್ಷಯ ರೋಗಿಗಳು ನೋಂದಣಿಯಾಗಿದ್ದರು, 2020ರಲ್ಲಿ 18 ಲಕ್ಷ. ಆ ಆರು ಲಕ್ಷ ಜನರ ರೋಗ ಮಾಯವಾಗಿರಲಿಲ್ಲ. ಕೊರೊನಾ ಜೊತೆ ಬದುಕಬೇಕೇ ಬೇಡವೇ ಎಂದು ಟಿ.ವಿ.ಯಲ್ಲಿ ವಾದ ನಡೆಯುತ್ತಿದ್ದಾಗ, ಅವರು ಕ್ಷಯದ ಜೊತೆ ಮನೆಯೊಳಗೆ ಬದುಕುತ್ತಿದ್ದರು, ಮಕ್ಕಳನ್ನು ಪಕ್ಕದಲ್ಲಿ ಮಲಗಿಸಿಕೊಂಡು.

2023ರಲ್ಲಿ ಜಗತ್ತಿನಲ್ಲಿ 1.08 ಕೋಟಿ ಜನರಿಗೆ ಕ್ಷಯ ಬಂತು, 12.5 ಲಕ್ಷ ಜನ ಸತ್ತರು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ರೋಗಿಗಳಲ್ಲಿ ಶೇ. 26ರಷ್ಟು ಮಂದಿ ಭಾರತದವರು. 2025ರೊಳಗೆ ಕ್ಷಯಮುಕ್ತ ಭಾರತ ಎಂದು 2018ರಲ್ಲಿ ಕೇಂದ್ರ ಸರ್ಕಾರ ಗುರಿ ಇಟ್ಟಿತು. ಅದಕ್ಕೆ 2015ರ ಮಟ್ಟದಿಂದ ಹೊಸ ರೋಗಿಗಳ ಪ್ರಮಾಣ ಶೇ. 80ರಷ್ಟು ಇಳಿಯಬೇಕಿತ್ತು, 2023ರ ಹೊತ್ತಿಗೆ ಇಳಿದದ್ದು ಲಕ್ಷಕ್ಕೆ 237ರಿಂದ 195ಕ್ಕೆ, ಅಂದರೆ ಶೇ. 18ರಷ್ಟು. ಜಗತ್ತಿನ ಸರಾಸರಿಗಿಂತ ಇದು ಉತ್ತಮ, ಗುರಿಯಿಂದ ಬಹುದೂರ. ದೊಡ್ಡ ಗುರಿ ಇಟ್ಟದ್ದರಿಂದಲೇ ಪರೀಕ್ಷೆ ಹೆಚ್ಚಿತು, ಖಾಸಗಿ ವೈದ್ಯರೂ ರೋಗಿಗಳನ್ನು ನೋಂದಾಯಿಸತೊಡಗಿದರು ಎಂಬ ವಾದದಲ್ಲಿ ಹುರುಳಿದೆ. ಬೆಂಗಳೂರಿನ ಪ್ರಯೋಗಾಲಯದಲ್ಲಿ ರೂಪುಗೊಂಡ ಟ್ರೂನ್ಯಾಟ್ ಯಂತ್ರ ಈಗ ಸಣ್ಣ ಊರುಗಳಲ್ಲೂ ಗಂಟೆಯೊಳಗೆ ಕಫದಲ್ಲಿ ಕ್ಷಯದ ಡಿ.ಎನ್.ಎ. ಹುಡುಕಿ ಕೊಡುತ್ತದೆ.

ಆದರೂ ರೋಗ ಯಾಕೆ ಇಷ್ಟು ನಿಧಾನವಾಗಿ ಇಳಿಯುತ್ತಿದೆ? ಬ್ಯಾಕ್ಟೀರಿಯಾ ಮೈ ಸೇರಿದವರಲ್ಲಿ ನೂರಕ್ಕೆ ಐದರಿಂದ ಹತ್ತು ಜನರಿಗೆ ಮಾತ್ರ ಬದುಕಿನ ಯಾವುದೋ ಹಂತದಲ್ಲಿ ಕಾಯಿಲೆ ಬರುತ್ತದೆ. ಉಳಿದವರಲ್ಲಿ ರೋಗನಿರೋಧಕ ಕೋಶಗಳು ಅದನ್ನು ಸುತ್ತುವರಿದು ಗಂಟು ಕಟ್ಟಿ ಕೂಡಿಹಾಕುತ್ತವೆ. ಆ ಕಾವಲು ಸಡಿಲವಾಗುವುದು ಎಚ್.ಐ.ವಿ., ಸಕ್ಕರೆ ಕಾಯಿಲೆ, ಕಲ್ಲಿನ ದೂಳು, ಕುಡಿತ, ವಯಸ್ಸುಗಳಿಂದ, ಮತ್ತು ನಮ್ಮ ದೇಶದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಹಸಿವಿನಿಂದ. ಹಸಿವೊಂದೇ ಕಾರಣವಲ್ಲ ನಿಜ, ಕೃಷ್ಣಾಜಮ್ಮಣ್ಣಿಯವರ ಅರಮನೆಯಲ್ಲಿ ಊಟಕ್ಕೆ ಕೊರತೆಯಿರಲಿಲ್ಲ. ಆದರೆ ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಒಂದೊಂದು ಅಂಕ ಇಳಿದಂತೆ ಕ್ಷಯದ ಅಪಾಯ ಶೇ. 14ರಷ್ಟು ಏರುತ್ತದೆ ಎಂದು ಹಲವು ದೇಶಗಳ ಅಂಕಿಅಂಶ ತೋರಿಸಿದೆ.

ಇಲ್ಲೇ ಮದರಾಸಿನ ಪ್ರಯೋಗವನ್ನು ನಾವು ತಪ್ಪಾಗಿ ಓದಿಕೊಂಡೆವು ಎನಿಸುತ್ತದೆ. ಒಳ್ಳೆಯ ಊಟವಿಲ್ಲದೆಯೂ ಔಷಧ ಕೆಲಸ ಮಾಡುತ್ತದೆ ಎಂದು ಅದು ಹೇಳಿತ್ತು. ಕ್ಷಯಕ್ಕೂ ಊಟಕ್ಕೂ ಸಂಬಂಧವಿಲ್ಲ ಎಂದು ಕಾರ್ಯಕ್ರಮ ರೂಪಿಸಿದವರು ಅರ್ಥ ಮಾಡಿಕೊಂಡರು. ರೋಗ ಬಂದ ಮೇಲೆ ಗುಣವಾಗುವುದು ಬೇರೆ, ಸೋಂಕಿದ್ದೂ ರೋಗ ಬಾರದಿರುವುದು ಬೇರೆ. ಎರಡನೆಯದರ ಪರೀಕ್ಷೆಗೆ ಅರವತ್ತು ವರ್ಷ ಹಿಡಿಯಿತು. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ, ಚೇಟ್‌ಪೇಟೆಯ ಅದೇ ಕೇಂದ್ರದ ಇಂದಿನ ರೂಪವಾದ ರಾಷ್ಟ್ರೀಯ ಕ್ಷಯ ಸಂಶೋಧನಾ ಸಂಸ್ಥೆಯವರೊಡನೆ ಸೇರಿ ಜಾರ್ಖಂಡಿನಲ್ಲಿ ‘ರೇಷನ್ಸ್’ ಎಂಬ ಪ್ರಯೋಗ ಮಾಡಿದರು. 2,800 ರೋಗಿಗಳು, ಅವರ ಮನೆಗಳ 10,345 ಜನ. ಎಲ್ಲ ರೋಗಿಗಳಿಗೂ ಅಕ್ಕಿ, ಬೇಳೆ, ಹಾಲಿನ ಪುಡಿ, ಎಣ್ಣೆಯ ಚೀಲ ಕೊಟ್ಟರು. ಅರ್ಧದಷ್ಟು ಮನೆಗಳಲ್ಲಿ ಉಳಿದವರಿಗೂ ಪಡಿತರ ಕೊಟ್ಟರು. ರೋಗಿಗಳಾದ ಗಂಡಸರ ಸರಾಸರಿ ತೂಕ 43 ಕಿಲೋ ಆಸುಪಾಸು, ಹೆಂಗಸರದ್ದು 36. 2023ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಪಡಿತರ ಪಡೆದ ಮನೆಗಳಲ್ಲಿ ಹೊಸದಾಗಿ ಕ್ಷಯ ಬಂದವರು ಶೇ. 39ರಷ್ಟು ಕಡಿಮೆ, ಸೋಂಕು ಹರಡುವ ಬಗೆಯ ಕ್ಷಯವಂತೂ ಶೇ. 48ರಷ್ಟು ಕಡಿಮೆ. ಮೂವತ್ತು ಮನೆಗಳಿಗೆ ಊಟ ಕೊಟ್ಟರೆ ಒಬ್ಬರ ಕ್ಷಯ ತಪ್ಪುತ್ತದೆ. ಅಷ್ಟು ರಕ್ಷಣೆ ಕೊಡುವ ಲಸಿಕೆ ದೊಡ್ಡವರ ಕ್ಷಯಕ್ಕೆ ಇವತ್ತಿಗೂ ನಮ್ಮ ಕೈಯಲ್ಲಿಲ್ಲ, ಬಿ.ಸಿ.ಜಿ. ಕಾಯುವುದು ಮುಖ್ಯವಾಗಿ ಎಳೆಯ ಮಕ್ಕಳನ್ನು.

ಇಂದಿನ ಇಲವಾಲಕ್ಕೆ ಇದು ದೂರದ ಮಾತಲ್ಲ. ಹೂಟಗಳ್ಳಿ, ಕೂರ್ಗಳ್ಳಿಯ ಕಾರ್ಖಾನೆಗಳ ಸಾಲು ಅದರ ಪಕ್ಕಕ್ಕೇ ಬಂದಿದೆ. ಕೆಲಸ ಅರಸಿ ಬಂದವರು ಒಂದೇ ಕೋಣೆಯಲ್ಲಿ ನಾಲ್ಕಾರು ಮಂದಿ ಇರುವ ಕಡೆ ಎರಡು ವಾರ ದಾಟಿದ ಕೆಮ್ಮು ಒಬ್ಬರದೇ ಕೆಮ್ಮಾಗಿ ಉಳಿಯುವುದಿಲ್ಲ. ರೋಗ ಪತ್ತೆಯಾದರೆ ಆರು ತಿಂಗಳ ಮಾತ್ರೆ ಉಚಿತ. ಆಹಾರಕ್ಕೆಂದು ರೋಗಿಯ ಖಾತೆಗೆ ಬರುತ್ತಿದ್ದ ತಿಂಗಳಿಗೆ 500 ರೂಪಾಯಿ 2024ರ ನವೆಂಬರಿನಿಂದ 1,000 ಆಗಿದೆ. ಮನೆಯವರ ಊಟಕ್ಕೆ ಮಾತ್ರ ‘ನಿಕ್ಷಯ ಮಿತ್ರ’ ಎಂಬ ದಾನಿಗಳನ್ನು ನೆಚ್ಚಿದ್ದೇವೆ. ದಾನಿಗಳು ದೊಡ್ಡ ಮನಸ್ಸಿನವರೇ, ಆದರೆ ಐಸೋನಿಯಾಜಿಡ್ ಮಾತ್ರೆಗೆ ನಾವು ದಾನಿಗಳನ್ನು ಹುಡುಕುವುದಿಲ್ಲ, ಬಜೆಟ್ಟಿನಲ್ಲಿ ಹಣ ಇಡುತ್ತೇವೆ. ರೇಷನ್ಸ್ ಪ್ರಯೋಗದ ಮನೆಯವರ ಚೀಲಕ್ಕೆ ತಲೆಗೆ ತಿಂಗಳಿಗೆ ನಾಲ್ಕು ಡಾಲರಿನಷ್ಟು ಖರ್ಚಾಯಿತು. ಪಡಿತರ ಅಂಗಡಿ ನಮ್ಮಲ್ಲಿ ಊರೂರಿಗೂ ಇದೆ, ಅನ್ನಭಾಗ್ಯದ ಅಕ್ಕಿ ಆಗಲೇ ಅಲ್ಲಿಗೆ ಬರುತ್ತಿದೆ. ಕ್ಷಯ ಪತ್ತೆಯಾದ ಮನೆಯ ಕಾರ್ಡಿಗೆ, ಕಾರ್ಡಿಲ್ಲದೆ ಹೊರಗಿನಿಂದ ಬಂದ ಕೆಲಸಗಾರರಿಗೂ, ಚಿಕಿತ್ಸೆ ಮುಗಿಯುವವರೆಗೆ ಬೇಳೆ, ಎಣ್ಣೆ, ಹಾಲಿನ ಪುಡಿ ಸೇರಿಸಿ ಕೊಡಲು ರಾಜ್ಯ ಸರ್ಕಾರ ಯಾವ ದೇಶದ ನೆರವಿಗೂ, ಯಾರ ಆದ್ಯತೆಯ ಪಟ್ಟಿಗೂ ಕಾಯಬೇಕಿಲ್ಲ.